ಅಮೆರಿಕದ ಹಳೆಯ ಕಬ್ಬಿಣದ ಕಾರ್ಖಾನೆಗಳು: ನಾಲ್ಕರಲ್ಲಿ ಯಾವುದಕ್ಕೆ ಹೋಗೋದು?

ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ನಯಾಗರ, ವಾಷಿಂಗ್ಟನ್, ನ್ಯೂಯಾರ್ಕ್ ಎಲ್ಲ ಮುಗಿದಿರುತ್ತದೆ. ಮುಂದಿನ ಶನಿವಾರ ಎಲ್ಲಿಗೆ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು: ಒಂದು ಹಳೆಯ ಕಬ್ಬಿಣದ ಕಾರ್ಖಾನೆ ತೋರಿಸಿ. ಅದರಲ್ಲೂ ಭದ್ರಾವತಿ, ಶಿವಮೊಗ್ಗ, ಚಿಕ್ಕಮಗಳೂರು ಕಡೆಯವರಾದರೆ ಖಂಡಿತ ತೋರಿಸಿ. ಅದಿರು, ಇದ್ದಿಲು, ಕಾರ್ಖಾನೆಯ ಸೈರನ್ ಇವೆಲ್ಲ ಅವರಿಗೆ ಹೊಸತಲ್ಲ. ಗೈಡ್ ಬಾಯಿ ಬಿಡುವ ಮೊದಲೇ ಅವರೇ ವಿವರಿಸಲು ಶುರು ಮಾಡುತ್ತಾರೆ.

ನೋಡಬಹುದಾದ ಜಾಗಗಳು ಹತ್ತಾರಿವೆ. ಇಲ್ಲಿ ನಾಲ್ಕನ್ನು ಹೋಲಿಸಿದ್ದೇನೆ: ಬಾಸ್ಟನ್ ಹತ್ತಿರದ ಸಾಗಸ್, ಪೆನ್ಸಿಲ್ವೇನಿಯದ ಹೋಪ್‌ವೆಲ್, ಪಿಟ್ಸ್‌ಬರ್ಗ್ ಪಕ್ಕದ ಕ್ಯಾರಿ, ಅಲಬಾಮಾದ ಸ್ಲಾಸ್. ನಾಲ್ಕೂ ಕಡೆ ನಡೆದದ್ದು ಒಂದೇ ಕೆಲಸ, ಅದಿರು ಕರಗಿಸಿ ಕಬ್ಬಿಣ ತೆಗೆಯುವುದು. ಆದರೆ ಸಾಗಸ್ ಶುರುವಾದದ್ದು 1646ರಲ್ಲಿ. ಕ್ಯಾರಿಯಲ್ಲಿ ಈಗ ನಿಂತಿರುವ ಎರಡು ಕುಲುಮೆಗಳು 1978ರವರೆಗೂ ಉರಿದವು. ಮೊದಲನೆಯದರಲ್ಲಿ ದಿನಕ್ಕೆ ಒಂದು ಟನ್ ಆಸುಪಾಸು ಕಬ್ಬಿಣ ಬರುತ್ತಿತ್ತು. ಎರಡನೆಯದರಲ್ಲಿ ಒಳ್ಳೆಯ ದಿನಗಳಲ್ಲಿ ಸಾವಿರ ಟನ್ ದಾಟುತ್ತಿತ್ತು. ಹಾಗಾಗಿ ಒಂದನ್ನು ನೋಡಿದರೆ ಇನ್ನೊಂದನ್ನೂ ನೋಡಿದ ಹಾಗೆ ಅಂತ ತಿಳಿಯಬೇಡಿ.

ಆಯ್ಕೆ ಮಾಡುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ. ಯಂತ್ರ ಓಡುವುದನ್ನು ನೋಡಬೇಕಾ, ಅಥವಾ ಜನ ನಿಜವಾಗಿ ದುಡಿದ ಜಾಗದಲ್ಲಿ ನಿಲ್ಲಬೇಕಾ? ಎರಡೂ ಪೂರ್ತಿಯಾಗಿ ಒಂದೇ ಕಡೆ ಸಿಗುವುದಿಲ್ಲ. ಸಾಗಸ್‌ನಲ್ಲಿ ಚಕ್ರ ತಿರುಗುತ್ತದೆ, ಆದರೆ ಕಟ್ಟಡಗಳು ಕಳೆದ ಶತಮಾನದಲ್ಲಿ ಮತ್ತೆ ಕಟ್ಟಿದವು. ಕ್ಯಾರಿ ಮತ್ತು ಸ್ಲಾಸ್‌ನಲ್ಲಿ ಪ್ರತಿಯೊಂದು ಬೋಲ್ಟೂ ಅಸಲಿ, ಆದರೆ ಎಲ್ಲ ತಣ್ಣಗೆ ನಿಂತಿದೆ. ಹೋಪ್‌ವೆಲ್ ಇವೆರಡರ ನಡುವಿನದು. ಒಂದೇ ಜಾಗಕ್ಕೆ ಹೋಗಲು ಸಮಯ ಇದೆ ಅನ್ನುವವರಿಗೆ ನನ್ನ ಉತ್ತರ ಹೋಪ್‌ವೆಲ್.

ಹೋಪ್‌ವೆಲ್: ಕಾಡು, ಕುಲುಮೆ, ಊರು ಒಟ್ಟಿಗೆ

ಫಿಲಡೆಲ್ಫಿಯಾದಿಂದ ವಾಯವ್ಯಕ್ಕೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ನ್ಯೂಜೆರ್ಸಿಯ ಎಡಿಸನ್ ಕಡೆಯಿಂದ ಎರಡು ಗಂಟೆ ಆಸುಪಾಸು. ಎಲ್ವರ್ಸನ್ ಅನ್ನುವ ಸಣ್ಣ ಊರಿನ ಹತ್ತಿರ, ಕಾಡಿನ ನಡುವೆ 848 ಎಕರೆ ಜಾಗ. ಮಾರ್ಕ್ ಬರ್ಡ್ ಎಂಬುವರು 1771ರಲ್ಲಿ ಇಲ್ಲಿ ಕುಲುಮೆ ಕಟ್ಟಿದರು. ಸ್ವಾತಂತ್ರ್ಯ ಯುದ್ಧ ಬಂದಾಗ ಇಲ್ಲಿಂದ ಫಿರಂಗಿ, ಗುಂಡು ಹೋದವು. ಬರ್ಡ್ ಮಾತ್ರ ಸಾಲದಲ್ಲಿ ಮುಳುಗಿ ಎಲ್ಲ ಕಳೆದುಕೊಂಡರು. ಕೈ ಬದಲಾದ ಮೇಲೆ ಹೋಪ್‌ವೆಲ್‌ಗೆ ಒಳ್ಳೆಯ ಕಾಲ ಬಂತು. 1820, 1830ರ ದಶಕಗಳಲ್ಲಿ ಇಲ್ಲಿ ಎರಕ ಹೊಯ್ದ ಒಲೆಗಳು ಫಿಲಡೆಲ್ಫಿಯಾದಂಥ ಪೇಟೆಗಳಲ್ಲಿ ಚೆನ್ನಾಗಿ ಮಾರಾಟವಾದವು. ಕುಲುಮೆ ಕೊನೆಗೆ ಆರಿದ್ದು 1883ರಲ್ಲಿ.

ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದು ಇಲ್ಲಿ ನಡೆದಾಡುತ್ತಲೇ ಅರ್ಥವಾಗುತ್ತದೆ. ಕುಲುಮೆಯನ್ನು ಗುಡ್ಡದ ಬದಿಗೆ ಆನಿಸಿ ಕಟ್ಟಿದ್ದಾರೆ. ಗುಡ್ಡದ ಮೇಲಿನಿಂದ ಸೇತುವೆಯ ಮೇಲೆ ನಡೆದು ಬಂದು ಬಾಯಿಗೆ ಅದಿರು, ಸುಣ್ಣಕಲ್ಲು, ಇದ್ದಿಲು ಸುರಿಯುತ್ತಿದ್ದರು. ಕೆಳಗೆ ನೀರಿನ ಚಕ್ರ ತಿರುಗಿ ತಿದಿಯ ಹಾಗೆ ಗಾಳಿ ಊದುತ್ತಿತ್ತು. ಇದ್ದಿಲು ಶಾಖ ಕೊಡುವುದು ಮಾತ್ರವಲ್ಲ, ಅದಿರಿನಲ್ಲಿರುವ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಉಳಿದ ಕಸವನ್ನು ಸುಣ್ಣಕಲ್ಲು ಸೆಳೆದುಕೊಂಡು ಕಿಟ್ಟವಾಗಿ ಮೇಲೆ ತೇಲುತ್ತದೆ. ಕಬ್ಬಿಣ ಭಾರ, ಅದು ತಳಕ್ಕೆ ಇಳಿಯುತ್ತದೆ. ಹೊತ್ತು ಹೊತ್ತಿಗೆ ತಳದ ಬಾಯಿ ತೆಗೆದು ಮರಳಿನ ಅಚ್ಚಿಗೆ ಹರಿಸುತ್ತಿದ್ದರು. ಬೆಂಕಿ ಹಚ್ಚಿದರೆ ತಿಂಗಳುಗಟ್ಟಲೆ ಹಗಲು ರಾತ್ರಿ ಆರಿಸುವ ಹಾಗಿರಲಿಲ್ಲ.

ಈಗ ಇದ್ದಿಲಿನ ಲೆಕ್ಕ ಕೇಳಿ. ಇಂಥ ಒಂದು ಕುಲುಮೆಗೆ ದಿನಕ್ಕೆ ಸುಮಾರು ಒಂದು ಎಕರೆ ಕಾಡಿನ ಮರ ಬೇಕಾಗುತ್ತಿತ್ತು. ಕಡಿದ ಮರವನ್ನು ಗುಡ್ಡೆ ಹಾಕಿ, ಎಲೆ ಮಣ್ಣು ಮುಚ್ಚಿ, ಉರಿ ಏಳದ ಹಾಗೆ ದಿನಗಟ್ಟಲೆ ಒಳಗೊಳಗೇ ಬೇಯಿಸಬೇಕು. ಇದ್ದಿಲು ಸುಡುವವರು ಅದರ ಪಕ್ಕದಲ್ಲೇ ಸಣ್ಣ ಗುಡಿಸಲಲ್ಲಿ ಮಲಗುತ್ತಿದ್ದರು. ಎಲ್ಲಾದರೂ ಮಣ್ಣು ಕುಸಿದು ಗಾಳಿ ಹೊಕ್ಕರೆ ಇಡೀ ಗುಡ್ಡೆ ಬೂದಿ. ಮೃದುವಾದ ಜಾಗ ಎಲ್ಲಿದೆ ಅಂತ ನೋಡಲು ಹೊಗೆಯಾಡುವ ಗುಡ್ಡೆಯ ಮೇಲೆ ಹತ್ತಿ ತುಳಿದು ಪರೀಕ್ಷೆ ಮಾಡಬೇಕಿತ್ತು. ಕಬ್ಬಿಣದ ಇತಿಹಾಸ ಹೇಳುವವರು ಯಜಮಾನರ ಹೆಸರು ಹೇಳಿ ಮುಗಿಸುತ್ತಾರೆ. ಈ ಕಾಡಿನ ಕೂಲಿಗಳ ಬದುಕನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಈ ನಾಲ್ಕರಲ್ಲಿ ಇದೊಂದೇ.

ಕರ್ನಾಟಕದವರಿಗೆ ಇಲ್ಲಿ ಇನ್ನೂ ಒಂದು ಕಾರಣ ಇದೆ. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಶುರುವಾದಾಗ ಅದೂ ಇದ್ದಿಲಿನ ಕುಲುಮೆಯೇ. ನಮ್ಮಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಇತ್ತು, ಮಲೆನಾಡಿನ ಕಾಡು ಇತ್ತು, ಕಲ್ಲಿದ್ದಲು ಹತ್ತಿರದಲ್ಲಿ ಇರಲಿಲ್ಲ. ಇದ್ದಿಲಿನಿಂದಲೇ ಕಬ್ಬಿಣ ತೆಗೆಯಬಹುದಾ ಅಂತ ನೋಡಲು ಮೈಸೂರು ಸರ್ಕಾರ 1915-16ರಲ್ಲಿ ಕೇಳಿದ್ದು ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಎಂಬ ಕಂಪನಿಯನ್ನು. ಹೋಪ್‌ವೆಲ್ ಆರಿ ನಲವತ್ತು ವರ್ಷ ಆದಮೇಲೆ ನಮ್ಮಲ್ಲಿ ಇದ್ದಿಲಿನ ಕುಲುಮೆ ಹೊತ್ತಿಕೊಂಡಿತು ಅಂದರೆ ಅದು ಹಿಂದುಳಿದ ಲೆಕ್ಕ ಅಲ್ಲವೇ ಅಲ್ಲ. ಭದ್ರಾವತಿಯಲ್ಲಿ ಮರವನ್ನು ಸುಮ್ನೆ ಸುಡದೆ, ಅದರಿಂದ ಹೊರಡುವ ಹೊಗೆಯನ್ನು ಹಿಡಿದು ರಾಸಾಯನಿಕಗಳನ್ನೂ ತೆಗೆಯುವ ಘಟಕ ಕಟ್ಟಿದ್ದರು. ಹೋಪ್‌ವೆಲ್‌ನ ಮಣ್ಣಿನ ಗುಡ್ಡೆ ನೋಡಿದ ಮೇಲೆ ಆ ಹೆಜ್ಜೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಅಪ್ಪನ ಜೊತೆ ಮಾತಾಡಲು ಇದಕ್ಕಿಂತ ಒಳ್ಳೆಯ ವಿಷಯ ಬೇಕಾ?

ಕುಲುಮೆಯ ಕಲ್ಲಿನ ಗೋಪುರ, ಯಜಮಾನರ ದೊಡ್ಡ ಮನೆ, ಕೂಲಿಗಳ ಮನೆಗಳು ಹಳೆಯವೇ. ಎರಕದ ಮನೆಯಂಥ ಕೆಲವು ಭಾಗಗಳನ್ನು ಮತ್ತೆ ಕಟ್ಟಿದ್ದಾರೆ, ಚಕ್ರವನ್ನು ಸರಿಪಡಿಸಿ ನಿಲ್ಲಿಸಿದ್ದಾರೆ. 1938ರಲ್ಲೇ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಪ್ರವೇಶ ಉಚಿತ. ಬೇಸಿಗೆಯಲ್ಲಿ ಎರಕ ಹೊಯ್ಯುವುದನ್ನು ಮಾಡಿ ತೋರಿಸುವ ದಿನಗಳಿರುತ್ತವೆ. ಶರತ್ಕಾಲದಲ್ಲಿ ಸೇಬಿನ ತೋಟದಲ್ಲಿ ಕಾಯಿ ಕೀಳಲು ಬಿಡುತ್ತಾರೆ, ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ವೆಬ್‌ಸೈಟ್ ನೋಡಿಕೊಂಡೇ ಹೊರಡಿ. ಊಟಕ್ಕೆ ಹೋಟೆಲ್ ಹುಡುಕಬೇಡಿ. ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಪಕ್ಕದ ಫ್ರೆಂಚ್ ಕ್ರೀಕ್ ಸ್ಟೇಟ್ ಪಾರ್ಕಿನಲ್ಲಿ ಕೆರೆ ದಂಡೆಯಲ್ಲಿ ಕೂತು ತಿನ್ನಬಹುದು. ಹುಲ್ಲು, ಪೊದೆಗೆ ಇಳಿದರೆ ಉಣ್ಣೆಹುಳದ ಬಗ್ಗೆ ಎಚ್ಚರ. ಈ ಭಾಗದಲ್ಲಿ ಅದು ಕಚ್ಚಿ ಹರಡುವ ಲೈಮ್ ಕಾಯಿಲೆ ಇದೆ. ಉದ್ದ ಪ್ಯಾಂಟ್ ಹಾಕಿ, ಮನೆಗೆ ಬಂದ ಮೇಲೆ ಮಕ್ಕಳ ಕಾಲು, ಕುತ್ತಿಗೆ ನೋಡಿ.

ಕೊರತೆ ಅಂದರೆ, ಭವ್ಯತೆ ಹುಡುಕಿ ಬಂದವರಿಗೆ ಇದು ಒಂದು ಹಳ್ಳಿಯಷ್ಟೇ ಅನ್ನಿಸಬಹುದು. ಅವರಿಗೆ ಕ್ಯಾರಿ ಇದೆ.

ಸಾಗಸ್: ಮಕ್ಕಳ ಜೊತೆ ಅರ್ಧ ದಿನ

ಬಾಸ್ಟನ್ ಕಡೆ ಇರುವವರು ಯೋಚಿಸುವುದೇ ಬೇಡ, ಊರಿಂದ ಹದಿನಾರು ಕಿಲೋಮೀಟರ್ ಆಸುಪಾಸು. ಉತ್ತರ ಅಮೆರಿಕದಲ್ಲಿ ಅದಿರಿನಿಂದ ಹಿಡಿದು ಸರಳಿನವರೆಗೆ ಎಲ್ಲ ಕೆಲಸ ಒಂದೇ ಆವರಣದಲ್ಲಿ ಯಶಸ್ವಿಯಾಗಿ ನಡೆದ ಮೊದಲ ಕಾರ್ಖಾನೆ ಇದು. 1646ರಿಂದ ಸುಮಾರು 1670ರವರೆಗೆ ನಡೆಯಿತು. ಅದಿರು ಗಣಿಯದ್ದಲ್ಲ, ಜೌಗು ನೆಲದಿಂದ ಅಗೆದು ತಂದದ್ದು. ದುಡಿದವರಲ್ಲಿ 1650ರ ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕಿ ಸಾಗರ ದಾಟಿ ಬಂದ ಸ್ಕಾಟ್ಲೆಂಡಿನ ಸೈನಿಕರೂ ಇದ್ದರು.

ಸಾಗಸ್‌ನ ಹೆಚ್ಚುಗಾರಿಕೆ ಇರುವುದು ಹಂತ ಹಂತವಾಗಿ ತೋರಿಸುವುದರಲ್ಲಿ. ಮೊದಲು ಕುಲುಮೆ. ಅಲ್ಲಿ ಬರುವುದು ಬೀಡು ಕಬ್ಬಿಣ, ಬಡಿದರೆ ಒಡೆಯುತ್ತದೆ. ಅದನ್ನು ಪಕ್ಕದ ಮನೆಯಲ್ಲಿ ಮತ್ತೆ ಕಾಯಿಸಿ ದೊಡ್ಡ ಸುತ್ತಿಗೆಯಿಂದ ಬಡಿದು ಮೆದು ಕಬ್ಬಿಣ ಮಾಡುತ್ತಿದ್ದರು. ಆ ಸುತ್ತಿಗೆಯ ತಲೆಯೇ ಸುಮಾರು 500 ಪೌಂಡ್. ಮೂರನೆಯ ಮನೆಯಲ್ಲಿ ಪಟ್ಟಿಗಳನ್ನು ತೆಳ್ಳಗೆ ಮಾಡಿ ಉದ್ದುದ್ದ ಸೀಳುವ ಯಂತ್ರ. ಆ ಸೀಳುಗಳಿಂದ ಮೊಳೆ. ಮೂರಕ್ಕೂ ನೀರೇ ಬಲ. ರೇಂಜರ್ ನೀರು ಬಿಟ್ಟು ಚಕ್ರ ತಿರುಗಿಸಿ, ಸುತ್ತಿಗೆ ಎತ್ತಿ ಬೀಳಿಸಿದಾಗ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಈ ಒಂದು ಕ್ಷಣ ಉಳಿದ ಮೂರು ಜಾಗಗಳಲ್ಲಿ ಸಿಗುವುದಿಲ್ಲ.

ಆದರೆ ಈ ಕಟ್ಟಡಗಳು ಮತ್ತೆ ಕಟ್ಟಿದವು ಅನ್ನುವುದು ನೆನಪಿರಲಿ. ಕಾರ್ಖಾನೆ ಮುಚ್ಚಿ ಮಣ್ಣಿನಡಿ ಹೋಗಿತ್ತು. 1948ರಿಂದ ರೋಲೆಂಡ್ ರಾಬಿನ್ಸ್ ನೇತೃತ್ವದಲ್ಲಿ ಅಗೆದು, ಸಿಕ್ಕ ತಳಪಾಯ, ಚಕ್ರದ ತುಂಡು, ಕಿಟ್ಟದ ರಾಶಿ ನೋಡಿ ಆಧಾರ ಹಿಡಿದು ಕಟ್ಟಿದರು. 1954ರಲ್ಲಿ ಜನರಿಗೆ ತೆರೆಯಿತು. ಆ ಕಾಲದ ಅಸಲಿ ಕಟ್ಟಡ ಅಂದರೆ ಮೇಲಿರುವ 1680ರ ದಶಕದ ಮರದ ಮನೆ. ಅಗೆದಾಗ ಸಿಕ್ಕ ವಸ್ತುಗಳು ಮ್ಯೂಸಿಯಂನಲ್ಲಿವೆ. ಮೊದಲು ಅವನ್ನು ನೋಡಿ, ಆಮೇಲೆ ಕೆಳಗಿಳಿಯಿರಿ. ಆಗ ಹೊಸ ಕಟ್ಟಡಗಳ ಮೇಲೆ ನಂಬಿಕೆ ಬರುತ್ತದೆ. ಎರಡು ಗಂಟೆ ಸಾಕು. ಪ್ರವೇಶ ಉಚಿತ. ಚಳಿಗಾಲದಲ್ಲಿ ಬೀಗ. ಉಳಿದ ಅರ್ಧ ದಿನಕ್ಕೆ ಸೇಲಂ ಹತ್ತಿರವೇ ಇದೆ.

ಕ್ಯಾರಿ: ದೇವಸ್ಥಾನಕ್ಕೆ ಹೋಗುವವರು ತಪ್ಪಿಸಿಕೊಳ್ಳುವ ಜಾಗ

ಪಿಟ್ಸ್‌ಬರ್ಗ್ ಅಂದರೆ ನಮ್ಮವರಿಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ ಕಟ್ಟಿದ ಆ ಗುಡಿಗೆ ಓಹಾಯೊ, ಮೇರಿಲ್ಯಾಂಡ್, ನ್ಯೂಜೆರ್ಸಿಗಳಿಂದ ಕಾರು ಮಾಡಿಕೊಂಡು ಬರುತ್ತಾರೆ. ದರ್ಶನ ಮಾಡಿ, ಪ್ರಸಾದ ತಿಂದು, ಹಾಗೇ ವಾಪಸ್. ಅಲ್ಲಿಂದ ಅರ್ಧ ಗಂಟೆಯೊಳಗೆ, ಮೊನಾಂಗಹೀಲಾ ನದಿಯ ದಡದಲ್ಲಿ, ಈ ಊರಿಗೆ ಉಕ್ಕಿನ ಊರು ಅಂತ ಹೆಸರು ಬಂದದ್ದು ಯಾಕೆ ಅನ್ನುವುದಕ್ಕೆ ಸಾಕ್ಷಿ ನಿಂತಿದೆ. ಅದನ್ನು ನೋಡದೆ ಹೋಗುತ್ತಾರಲ್ಲ ಅಂತ ನನಗೆ ನಿಜವಾಗಲೂ ಬೇಜಾರು.

ಕ್ಯಾರಿ ಕುಲುಮೆಗಳು 1884ರಲ್ಲಿ ಶುರು. 1898ರಲ್ಲಿ ಉಕ್ಕಿನ ಉದ್ಯಮಿ ಕಾರ್ನೆಗಿ ಕೊಂಡುಕೊಂಡರು. ಈಗ ಉಳಿದಿರುವ 6 ಮತ್ತು 7ನೇ ಕುಲುಮೆಗಳು 1900ರ ದಶಕದಲ್ಲಿ ಕಟ್ಟಿದವು, 92 ಅಡಿ ಎತ್ತರ. ಇಲ್ಲಿ ಇದ್ದಿಲು ಇಲ್ಲ, ಕಲ್ಲಿದ್ದಲಿನಿಂದ ಮಾಡುವ ಕೋಕ್. ತಲೆ ಮೇಲೆ ಹೊತ್ತು ಸುರಿಯುವವರಿಲ್ಲ, ಇಳಿಜಾರು ಹಳಿಯ ಮೇಲೆ ತೊಟ್ಟಿಗಳು ತಾವೇ ಹತ್ತಿ ಬಾಯಿಗೆ ಸುರಿಯುತ್ತವೆ. ಪಕ್ಕದಲ್ಲಿ ಗಾಳಿ ಕಾಯಿಸುವ ಎತ್ತರದ ಉರುಳೆಗಳು. ಹೋಪ್‌ವೆಲ್ ನೋಡಿ ಬಂದವರಿಗೆ ಇದೆಲ್ಲ ಗುರುತು ಸಿಗುತ್ತದೆ: ಅದೇ ಬಾಯಿ, ಅದೇ ಗಾಳಿ, ಅದೇ ಕಿಟ್ಟ, ಗಾತ್ರ ಮಾತ್ರ ಊಹೆ ಮೀರಿದ್ದು. ಕರಗಿದ ಕಬ್ಬಿಣವನ್ನು ಆರಲು ಬಿಡದೆ ರೈಲಿನಲ್ಲಿ ಸೇತುವೆ ದಾಟಿಸಿ ಆಚೆ ದಡದ ಹೋಮ್‌ಸ್ಟೆಡ್ ಕಾರ್ಖಾನೆಗೆ ಉಕ್ಕು ಮಾಡಲು ಕಳಿಸುತ್ತಿದ್ದರು. ಆ ಹೋಮ್‌ಸ್ಟೆಡ್ ಕಾರ್ಖಾನೆ ಈಗಿಲ್ಲ. ಅದರ ಜಾಗದಲ್ಲಿ ವಾಟರ್‌ಫ್ರಂಟ್ ಅನ್ನುವ ಅಂಗಡಿ ಸಾಲು ಬಂದಿದೆ, ಒಂದು ಸಾಲು ಹೊಗೆಗೂಡು ಉಳಿದಿವೆ.

ಹೋಮ್‌ಸ್ಟೆಡ್ ಹೆಸರು ಬಂದ ಮೇಲೆ 1892ರ ಜುಲೈ 6 ಹೇಳದೆ ಮುಂದೆ ಹೋಗಲಾಗದು. ಕೂಲಿ ಕಡಿತದ ಜಗಳದಲ್ಲಿ ಕಾರ್ನೆಗಿ ಕಂಪನಿಯ ಅಧ್ಯಕ್ಷ ಹೆನ್ರಿ ಕ್ಲೇ ಫ್ರಿಕ್ ಕಾರ್ಮಿಕರನ್ನು ಹೊರಗಿಟ್ಟು ಬೀಗ ಹಾಕಿದರು. ಪಿಂಕರ್ಟನ್ ಎಂಬ ಖಾಸಗಿ ಸಂಸ್ಥೆಯ ಕಾವಲುಗಾರರು ದೋಣಿಯಲ್ಲಿ ನದಿ ಮೇಲೆ ಬಂದರು. ದಡದಲ್ಲಿ ಕಾರ್ಮಿಕರು, ಅವರ ಮನೆಯವರು ತಡೆದು ನಿಂತರು. ಗುಂಡು ಹಾರಿದವು, ಎರಡೂ ಕಡೆ ಜನ ಸತ್ತರು. ಕೊನೆಗೆ ಸೋತದ್ದು ಯೂನಿಯನ್. ಎಷ್ಟೋ ವರ್ಷ ಅಲ್ಲಿ ಸಂಘ ತಲೆ ಎತ್ತಲಿಲ್ಲ. ದೋಣಿ ಬಂದ ಜಾಗದಲ್ಲಿ ಹಳೆಯ ಪಂಪ್ ಹೌಸ್ ಇನ್ನೂ ಇದೆ. ಕಾರ್ಖಾನೆ ಊರಿನಲ್ಲಿ ಬೆಳೆದು, ಮುಷ್ಕರ ಕಂಡ ಹಿರಿಯರಿದ್ದರೆ ಈ ಕಥೆ ಅವರಿಗೆ ತಟ್ಟುತ್ತದೆ.

ಕ್ಯಾರಿಯ ಅಂಗಳದಲ್ಲಿ ಜಿಂಕೆಯ ತಲೆಯ ದೊಡ್ಡ ಶಿಲ್ಪ ಇದೆ. ಕಾರ್ಖಾನೆ ಹಾಳು ಬಿದ್ದಿದ್ದಾಗ, 1990ರ ದಶಕದ ಕೊನೆಗೆ, ಕಲಾವಿದರ ಗುಂಪೊಂದು ಅಲ್ಲೇ ಬಿದ್ದಿದ್ದ ಪೈಪು, ತಂತಿಗಳಿಂದ ಅದನ್ನು ಕಟ್ಟಿತು. ಫೋಟೋಗೆ ಬೇರೆ ಜಾಗ ಹುಡುಕಬೇಕಿಲ್ಲ.

ಇಲ್ಲಿ ಸುಮ್ನೆ ಹೋಗಿ ನುಗ್ಗುವ ಹಾಗಿಲ್ಲ. ರಿವರ್ಸ್ ಆಫ್ ಸ್ಟೀಲ್ ಎಂಬ ಸಂಸ್ಥೆ ಮೇ ತಿಂಗಳಿಂದ ಅಕ್ಟೋಬರ್ ಆಸುಪಾಸಿನವರೆಗೆ ಗೈಡ್ ಜೊತೆ ಸುತ್ತು ನಡೆಸುತ್ತದೆ, ಟಿಕೆಟ್ ಇದೆ, ಮುಂಚೆಯೇ ತೆಗೆದುಕೊಳ್ಳಬೇಕು. ಕಾಲು ಪೂರ್ತಿ ಮುಚ್ಚುವ ಶೂ ಬೇಕು, ಚಪ್ಪಲಿ ನಡೆಯುವುದಿಲ್ಲ. ಜಲ್ಲಿ, ಮೆಟ್ಟಿಲು, ಕತ್ತಲೆ ಮೂಲೆಗಳಿವೆ. ಮಂಡಿ ನೋವಿರುವ ಅಮ್ಮಂದಿರಿಗೆ, ಸೀರೆ ಉಟ್ಟವರಿಗೆ ಕಷ್ಟ. ಪುಟ್ಟ ಮಕ್ಕಳನ್ನು ಕರೆದೊಯ್ಯುವ ಮೊದಲು ವಯಸ್ಸಿನ ನಿಯಮ ಕೇಳಿಕೊಳ್ಳಿ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರಾದರೆ, ನಡೆಯಲು ಗಟ್ಟಿಯಿದ್ದರೆ, ಹೋಪ್‌ವೆಲ್ ಬಿಟ್ಟು ಇಲ್ಲಿಗೇ ಕರೆತನ್ನಿ ಅಂತ ಹೇಳುತ್ತೇನೆ. ಅವರಿಗೆ ಹಳ್ಳಿಯ ಕುಲುಮೆಗಿಂತ ಇದು ತಮ್ಮದು ಅನ್ನಿಸುತ್ತದೆ.

ಸ್ಲಾಸ್: ಅಟ್ಲಾಂಟಾದವರಿಗೆ

ಅಟ್ಲಾಂಟಾದಲ್ಲಿರುವವರಿಗೆ ಪೆನ್ಸಿಲ್ವೇನಿಯ ದೂರ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಎರಡೂವರೆ ಗಂಟೆ. ಊರಿನ ನಡುವೆಯೇ ಸ್ಲಾಸ್ ಕುಲುಮೆಗಳಿವೆ. 1882ರಲ್ಲಿ ಶುರುವಾಗಿ 1971ರವರೆಗೆ ನಡೆದವು, 1983ರಿಂದ ಮ್ಯೂಸಿಯಂ. ಮೊದಲಿನ ಕುಲುಮೆ ಈಗಿಲ್ಲ, ನೋಡಲು ಸಿಗುವುದು 1900ರ ನಂತರ ಕಟ್ಟಿದ್ದು. ಕ್ಯಾರಿಯಷ್ಟೇ ಅಸಲಿ, ಆದರೆ ಇಲ್ಲಿ ನಿಮ್ಮ ಪಾಡಿಗೆ ನೀವು ಸುತ್ತಬಹುದು. ಗೈಡ್‌ಗೆ ಕಾಯಬೇಕಿಲ್ಲ, ಸಾಮಾನ್ಯ ಭೇಟಿಗೆ ಟಿಕೆಟ್ ಇಲ್ಲ. ಉಗಿಯಿಂದ ಗಾಳಿ ಊದುವ ಭಾರಿ ಯಂತ್ರಗಳ ಮನೆಯನ್ನು ತಪ್ಪಿಸಬೇಡಿ. ಮೆಕ್ಯಾನಿಕಲ್ ಓದುವ ಮಕ್ಕಳಿದ್ದರೆ ಅಲ್ಲೇ ಒಂದು ಗಂಟೆ ಹೋಗುತ್ತದೆ. ಕಬ್ಬಿಣ ಎರಕ ಹೊಯ್ಯುವ ಕಲಾವಿದರು ಇಲ್ಲಿ ಇಂದಿಗೂ ಕೆಲಸ ಮಾಡುತ್ತಾರೆ, ಅವರ ತರಗತಿಗಳೂ ಇವೆ.

ಸ್ಲಾಸ್ ನೋಡುವಾಗ ಯಾರು ದುಡಿದರು ಅನ್ನುವುದನ್ನು ಕೇಳಲೇಬೇಕು. ಅತಿ ಬಿಸಿ, ಅತಿ ಅಪಾಯದ ಕೆಲಸ ಕಪ್ಪು ಜನರ ಪಾಲು. ಸ್ನಾನದ ಮನೆ ಕೂಡ ಬೇರೆ ಬೇರೆ. ಕಂಪನಿಯ ಕಲ್ಲಿದ್ದಲು ಗಣಿಗಳಲ್ಲಿ ಜೈಲಿನ ಕೈದಿಗಳನ್ನು ಬಾಡಿಗೆಗೆ ತಂದು ದುಡಿಸಿದರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ, ಸಣ್ಣಪುಟ್ಟ ಆರೋಪದ ಮೇಲೆ ಹಿಡಿದವರು. ಈ ಪದ್ಧತಿಯನ್ನು ಅಲಬಾಮಾ ನಿಲ್ಲಿಸಿದ್ದು 1928ರಲ್ಲಿ. ಅದೇ ದಿನ ಊರಿನ ನಾಗರಿಕ ಹಕ್ಕುಗಳ ಮ್ಯೂಸಿಯಂ, ಅದರ ಎದುರಿನ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್ ನೋಡಿ. 1963ರಲ್ಲಿ ಅಲ್ಲಿ ಬಾಂಬ್ ಇಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ಕಾರ್ಖಾನೆ ಮತ್ತು ಆ ಚರ್ಚ್ ಒಂದೇ ಊರಿನ ಕಥೆ. ಎರಡನ್ನೂ ಒಟ್ಟಿಗೆ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಸಮಯ ಮಿಕ್ಕರೆ ಬೆಟ್ಟದ ಮೇಲಿನ ವಲ್ಕನ್ ಮೂರ್ತಿ ಇದೆ, 56 ಅಡಿಯ ಬೀಡು ಕಬ್ಬಿಣದ್ದು, 1904ರ ಸೇಂಟ್ ಲೂಯಿ ಮೇಳಕ್ಕೆ ಮಾಡಿದ್ದು.

ಅಲಬಾಮಾದ ಬೇಸಿಗೆ ಅಂದರೆ ಸೆಕೆ. ಮಾರ್ಚ್ ಅಥವಾ ಅಕ್ಟೋಬರ್ ಒಳ್ಳೆಯದು.

ಹಾಗಾದರೆ ಯಾರಿಗೆ ಯಾವುದು?

ಹತ್ತರೊಳಗಿನ ಮಕ್ಕಳು ಜೊತೆಗಿದ್ದರೆ ಸಾಗಸ್. ಮೂರು ತಲೆಮಾರು ಒಟ್ಟಿಗೆ ಹೊರಟರೆ ಹೋಪ್‌ವೆಲ್. ಅಲ್ಲಿ ದಣಿದವರು ಮರದಡಿ ಕೂರಬಹುದು, ಓಡುವವರು ಓಡಬಹುದು. ಕಾಲೇಜಿನ ಹುಡುಗರು, ಎಂಜಿನಿಯರುಗಳು, ಕ್ಯಾಮೆರಾ ಹಿಡಿದವರು ಕ್ಯಾರಿಗೋ ಸ್ಲಾಸ್‌ಗೋ ಹೋಗಲಿ. ಇವೆರಡರ ನಡುವೆ ಆರಿಸಲು ಕಷ್ಟವಾದರೆ ದೂರ ನೋಡಿ ತೀರ್ಮಾನಿಸಿ, ಗುಣದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕ್ಯಾರಿಯಲ್ಲಿ ವಿವರಣೆ ಚೆನ್ನ, ಸ್ಲಾಸ್‌ನಲ್ಲಿ ಸ್ವಾತಂತ್ರ್ಯ ಜಾಸ್ತಿ.

ಎರಡು ಜಾಗ ನೋಡಲು ಆಗುವವರು ಹೋಪ್‌ವೆಲ್ ಮೊದಲು, ಕ್ಯಾರಿ ಆಮೇಲೆ ಇಟ್ಟುಕೊಳ್ಳಿ. ಸಣ್ಣದರಲ್ಲಿ ಕೆಲಸ ಅರ್ಥವಾದರೆ ದೊಡ್ಡದು ಗೊಂದಲ ಆಗುವುದಿಲ್ಲ. ತಿರುಗಿಸಿ ನೋಡಿದರೆ ಕ್ಯಾರಿಯ ಪೈಪುಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ, ಹೋಪ್‌ವೆಲ್ ಸಪ್ಪೆ ಅನ್ನಿಸುತ್ತದೆ. ನಡುದಾರಿಯಲ್ಲಿ ಮಕ್ಕಳಿಗೋಸ್ಕರ ಹರ್ಷಿ ಪಾರ್ಕಿಗೆ ಹೋಗುವವರು ಹತ್ತಿರದ ಕಾರ್ನ್‌ವಾಲ್ ಕುಲುಮೆಗೂ ಒಂದು ಗಂಟೆ ಕೊಡಿ. 1742ರ ಆ ಕುಲುಮೆ ಕೂಡ 1883ರಲ್ಲೇ ಆರಿತು, ಆದರೆ ಗಾಳಿ ಊದುವ ಹಳೆಯ ಯಂತ್ರ, ದೊಡ್ಡ ಚಕ್ರ ಎಲ್ಲ ಇದ್ದಲ್ಲೇ ಉಳಿದಿವೆ. ಹೋಪ್‌ವೆಲ್‌ನಲ್ಲಿ ಊಹಿಸಬೇಕಾದದ್ದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಪಿಟ್ಸ್‌ಬರ್ಗ್ ದಿನಕ್ಕೆ ಬೆಳಗಿನ ಸುತ್ತಿನ ಟಿಕೆಟ್ ತೆಗೆದುಕೊಂಡು ಕ್ಯಾರಿ ಮುಗಿಸಿ. ಅಲ್ಲಿ ಧೂಳು, ತುಕ್ಕು ಬಟ್ಟೆಗೆ ಅಂಟುತ್ತದೆ. ದೇವಸ್ಥಾನಕ್ಕೆ ಹೊರಡುವ ಮೊದಲು ಬದಲಿಸಲು ಒಂದು ಜೊತೆ ಬಟ್ಟೆ ಕಾರಿನಲ್ಲಿ ಇಟ್ಟಿರಿ. ದರ್ಶನದ ಸಮಯವನ್ನೂ ಹಿಂದಿನ ದಿನವೇ ನೋಡಿಕೊಳ್ಳಿ.